ಬೀಳಬಹುದಾದವರ ಪಟ್ಟಿ

ತಾಹಿರಾ ಚಿಕ್ಕಬಳ್ಳಾಪುರದ ಒಂದು ಆರೋಗ್ಯ ವಿಮೆ ಕಚೇರಿಯಲ್ಲಿದ್ದಳು. ವಯಸ್ಸಾದವರ ಹಳೆಯ ಕ್ಲೇಮುಗಳನ್ನು ನೋಡಿ, ಯಾರು ಈ ವರ್ಷ ತಲೆಸುತ್ತಿಯೋ ಕಾಲು ಜಾರಿಯೋ ಬೀಳಬಹುದೆಂದು ಕಂಪ್ಯೂಟರ್ ಪಟ್ಟಿ ಮಾಡುತ್ತಿತ್ತು. ಅವರಿಗೆ ಫೋನ್ ಮಾಡಿ ಎಚ್ಚರಿಸುವುದು ಅವಳ ಕೆಲಸ. ಆ ಸೋಮವಾರದ ಪಟ್ಟಿಯಲ್ಲಿ ಮೂರನೇ ಹೆಸರು ಅವಳ ತಂದೆ ಅಮೀರ್ ಜಾನ್ ಅವರದು. ಪಕ್ಕದಲ್ಲೇ ಕಾರಣಗಳು: ಕಣ್ಣಿನ ಆಪರೇಷನ್, ಬಿಪಿಯ ಹೊಸ ಮಾತ್ರೆ, ಮಣಿಕಟ್ಟಿನ ಎಕ್ಸ್‌ರೇ. ಎಕ್ಸ್‌ರೇ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ.

ಅವರು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುತ್ತಿದ್ದರು. ಯಾವಾಗಲೂ ಒದ್ದೆಯಾದ ನೆಲ, ಮೊಣಕಾಲೆತ್ತರದಲ್ಲಿ ಗೂಡು ಬೇಯುವ ಕುದಿನೀರಿನ ಬಾಣಲೆ. ತಾಹಿರಾ ನಾಲ್ಕು ಸಲ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ರಜೆ ಕೇಳದೆಯೇ ಬಸ್ಸು ಹತ್ತಿದಳು. ದಾರಿಯಲ್ಲೂ ಮತ್ತೆ ಮತ್ತೆ ಫೋನ್ ಮಾಡಿದಳು.

ತಂದೆ ಬಾಣಲೆಯ ಪಕ್ಕದಲ್ಲೇ, ಗೋಡೆ ಹಿಡಿದು ಕಣ್ಣು ಮುಚ್ಚಿ ನಿಂತಿದ್ದರು. ಕೂಗಿದರೆ ಬೆಚ್ಚಿಬೀಳುತ್ತಾರೆಂದು ಅವಳು ಮೆಲ್ಲಗೆ ಹೋಗಿ ತೋಳು ಹಿಡಿದಳು.

"ಅಬ್ಬಾಜಾನ್, ತಲೆ ಸುತ್ತುತ್ತಾ?"

"ಎರಡು ತಿಂಗಳಾಯ್ತಮ್ಮ. ಒಂದ್ಸಲ ಬಿದ್ದೆ ಕೂಡ. ಹೇಳಿದ್ರೆ ಕೆಲಸ ಬಿಡಿಸ್ತೀಯ ಅಂತ ಹೆದರಿಕೊಂಡಿದ್ದೆ."

ಮರುದಿನ ಡಾಕ್ಟರು ಮಾತ್ರೆ ಬದಲಿಸಿದರು. ತಲೆಸುತ್ತು ಕಡಿಮೆಯಾಯಿತು. ಈಗ ಅವರು ಹೊರಗೆ ಕೂತು ಗೂಡು ಆರಿಸುತ್ತಾರೆ. ಆದರೂ ಮಧ್ಯಾಹ್ನ ಶಿಡ್ಲಘಟ್ಟದಿಂದ ಫೋನ್ ಬಂದರೆ ತಾಹಿರಾ ತಕ್ಷಣ ಎತ್ತುವುದಿಲ್ಲ. ಮತ್ತೆ ಬಿದ್ದರೇನೋ ಎಂದು ಹೆದರಿ, ಎರಡು ಸಲ ರಿಂಗಾದ ಮೇಲೆ ಎತ್ತುತ್ತಾಳೆ.