ಸುರಬಾಯಾದ ಸಲಾಮುಗಳು

"ಕೇಳೋರು ನಾನೂರು ದಾಟಿದ್ರು ಕಣೋ!" ರೆಹಾನ್ ಕುರ್ಚಿಯಿಂದ ಎದ್ದೇಬಿಟ್ಟ.

ಕಡಲಾಚೆಯ ಕಂಪ್ಯೂಟರ್ ಊರು ಸನ್ನಿವೇಲಿನ ಆ ಪುಟ್ಟ ಅಪಾರ್ಟ್‌ಮೆಂಟೇ ಅವರ ಆಫೀಸು, ಅದೇ ರೇಡಿಯೋ ಸ್ಟೇಷನ್ನು. ಬೆಂಗಳೂರಿನ ರೆಹಾನ್, ಹಾಸನದ ಗುರುಪ್ರಸಾದ ಇಬ್ಬರೂ ಇದ್ದ ಕೆಲಸ ಬಿಟ್ಟು, ಇಂಟರ್ನೆಟ್ಟಿನಲ್ಲಿ ಹಾಡು ಹಾಕುವ ಕಂಪನಿ ತೆರೆದು ಎಂಟು ತಿಂಗಳಾಗಿತ್ತು. 1999ರಲ್ಲಿ ಆ ಊರಿನಲ್ಲಿ ಇಂಟರ್ನೆಟ್ ಕಂಪನಿಯ ಹುಚ್ಚು ಹಿಡಿಯದವನೇ ಹುಚ್ಚ. ಕನ್ನಡ ಹಾಡಿಗೆ ಬರುತ್ತಿದ್ದ ಕೇಳುಗರು ಹದಿನೇಳು, ಅದರಲ್ಲಿಬ್ಬರು ಇವರೇ. ಇವತ್ತು ಸಂಜೆ ಆರಕ್ಕೆ ಹತ್ತಿರದ ವಾಲ್ನಟ್ ಕ್ರೀಕ್ ಊರಿನಿಂದ ದುಡ್ಡು ಹಾಕುವ ಆಸಾಮಿ ಬರುವವನಿದ್ದ. ಅವನು ಒಪ್ಪದಿದ್ದರೆ ಕಂಪನಿಗೆ ಬೀಗ.

ಮೇಲಿನ ಮನೆಯ ವಾತಿ ಇಂಡೋನೇಷ್ಯಾದವಳು, ದಾಂಗ್‌ಡುಟ್ ಹಾಡುವವಳು. ತಬಲಾದಂಥ ಜೋಡಿ ವಾದ್ಯ, ಕೊಳಲು, ಎಲೆಕ್ಟ್ರಿಕ್ ಗಿಟಾರು ಎಲ್ಲ ಸೇರಿ ಕೂತವರನ್ನು ಎಬ್ಬಿಸಿ ಕುಣಿಸುವ ಹಾಡು ಅದು. ಖಾಲಿ ಬಿದ್ದಿದ್ದ ಸಂಜೆಯ ಒಂದು ಗಂಟೆಯನ್ನು ಇವತ್ತಿನಿಂದ ಅವಳಿಗೆ ಬಿಟ್ಟುಕೊಟ್ಟಿದ್ದರು. ಅವಳು ತನ್ನ ದೇಶದವರಿಗೆಲ್ಲ ಈಮೇಲಿನಲ್ಲಿ ಸುದ್ದಿ ಮುಟ್ಟಿಸಿದ್ದಳು. ಇವತ್ತು ಅವಳಿಗೆ ಕಾಲೇಜಿನಲ್ಲಿ ಪರೀಕ್ಷೆ. ಕ್ಯಾಸೆಟ್ಟುಗಳನ್ನು ಇಟ್ಟು ಓಡಿದ್ದಳು. ಮೈಕಿನ ಮುಂದೆ ಗುರುಪ್ರಸಾದನೇ ಕೂತ.

ಮೊದಲ ಹಾಡು ಮುಗಿಯುವಷ್ಟರಲ್ಲಿ ಈಮೇಲುಗಳು ಸುರಿಯತೊಡಗಿದವು. ಭಾಷೆ ತಿಳಿಯದು. ಆದರೆ ಪ್ರತಿಯೊಂದರಲ್ಲೂ 'ಸಲಾಂ' ಎಂಬ ಮಾತು, ಪಕ್ಕದಲ್ಲಿ ಹೆಸರು, ಊರು. ಗುರುಪ್ರಸಾದನಿಗೆ ಇನ್ನೇನು ಬೇಕು! ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಬರೆದು ಬರೆದು ಕೈ ಸೋತವನು ಅವನು. ಒಮ್ಮೆಯೂ ಅವನ ಹೆಸರು ಓದಿರಲಿಲ್ಲ. ಆ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ.

"ಈ ಹಾಡನ್ನು ಕೋರಿದವರು," ಎಂದು ಅಚ್ಚಗನ್ನಡದಲ್ಲೇ ಶುರು ಹಚ್ಚಿಕೊಂಡ, "ಸುರಬಾಯಾದಿಂದ ಸ್ರಿ ಲೆಸ್ತಾರಿ, ಬಾಂದುಂಗ್‌ನಿಂದ ಹೆರ್ಮಾನ್ ಮತ್ತು ಗೆಳೆಯರು, ಅಯೋವಾದಿಂದ ಡೆವಿ..."

"ಲೋ, ಕನ್ನಡದಲ್ಲಿ ಓದ್ತಿದೀಯಲ್ಲೋ! ಎಲ್ರೂ ಓಡ್ಹೋಗ್ತಾರೆ!"

ಯಾರೂ ಓಡಲಿಲ್ಲ. ಆರುನೂರಾಯಿತು, ಎಂಟುನೂರಾಯಿತು. 'ನನ್ನ ತಂಗಿಯ ಹೆಸರು ಹೇಳಿದಿರಿ, ಅವಳು ಕುಣಿಯುತ್ತಿದ್ದಾಳೆ, ದಯವಿಟ್ಟು ಇನ್ನೊಮ್ಮೆ ಹೇಳಿ' ಎಂದು ಒಬ್ಬ ಇಂಗ್ಲಿಷಿನಲ್ಲಿ ಬರೆದ. ಗುರುಪ್ರಸಾದನಿಗೆ ಖುಷಿ ತಡೆಯಲಾಗಲಿಲ್ಲ. ಆ ತಂಗಿಯ ಹೆಸರನ್ನು ಮೂರು ಸಲ ಹೇಳಿದ.

ಆರಕ್ಕೆ ಸರಿಯಾಗಿ ಬಾಗಿಲ ಗಂಟೆ ಹೊಡೆಯಿತು. ಕೋಟು ತೊಟ್ಟ ಆಸಾಮಿ ಒಳಗೆ ಬಂದು, ತನಗಿರುವುದು ಹದಿನೈದೇ ನಿಮಿಷ, ಇಬ್ಬರೊಂದಿಗೂ ಮಾತಾಡಬೇಕು ಎಂದ. ರೆಹಾನ್ ಮೈಕಿನ ಬಳಿ ಓಡಿ ಬಂದ.

"ಹಾಡು ಓಡ್ತಿರ್ಲಿ, ನೀನು ಬಾ."

"ಇನ್ನೂ ಎಂಬತ್ತು ಹೆಸರಿದೆ."

"ಪ್ರಸಾದಾ, ಕಂಪ್ನಿ ಹೋಗತ್ತೆ ಕಣೋ!"

"ಕಾಯ್ತಾ ಕೂತಿರ್ತಾರೆ ಕಣೋ. ಒಂದೊಂದ್ ಹೆಸ್ರಿಗೂ, ಮುಂದಿಂದು ನಂದಾ, ನಂದಾ ಅಂತ." ಗುರುಪ್ರಸಾದ ಮುಂದಿನ ಈಮೇಲು ತೆರೆದ.

ಆಸಾಮಿ ಬಾಗಿಲ ಬಳಿಯೇ ನಿಂತು ಗಡಿಯಾರ ನೋಡಿಕೊಂಡ. ರೆಹಾನ್ ಅವನನ್ನು ನೋಡಿದ, ಗೆಳೆಯನನ್ನು ನೋಡಿದ. "ಥತ್ ನಿನ್ನ!" ಎಂದು ಬೈಯುತ್ತಲೇ ಕುರ್ಚಿ ಎಳೆದುಕೊಂಡು ಕೂತ.

"ಮೇಲಿಂದ ನೀನು ಓದು, ಕೆಳಗಿಂದ ನಾನು ಓದ್ತೀನಿ. ಬೇಗ ಮುಗಿಯತ್ತೆ."

ಹಾಡು ನಿಂತಿತು. ರೆಹಾನ್ ಮೈಕಿನತ್ತ ಬಾಗಿ ಪಟ್ಟಿಯ ಕೆಳತುದಿಯ ಹೆಸರನ್ನು ಗಡಿಬಿಡಿಯಲ್ಲಿ ಓದಿದ. ಸರಿಯಾಗಿ ಬರಲಿಲ್ಲವೆನಿಸಿತೇನೋ, ಪರದೆಗೆ ಮುಖ ಹತ್ತಿರ ತಂದು, ಅದೇ ಹೆಸರನ್ನು ಮತ್ತೊಮ್ಮೆ ನಿಧಾನವಾಗಿ ಓದಿದ.