ತಗಡಿನಲ್ಲಿಲ್ಲದ ಮಂಜು

"ಆ ಮಂಜು ಬೇಡ. ಪೂರ್ತಿ ಒರೆಸಿಬಿಡಿ."

ಬ್ರಿಸೆಯ ಕೈ ನಿಂತಿತು. ಮೂವತ್ತು ವರ್ಷದಿಂದ ಪ್ಯಾರಿಸ್ಸಿನ ಚಿತ್ರಕಾರರ ತಾಮ್ರದ ತಗಡುಗಳಿಗೆ ಮಸಿ ಬಳಿದು, ಒರೆಸಿ, ಅಚ್ಚೊತ್ತಿಕೊಡುತ್ತಿದ್ದ ಮುದುಕ. ಹೀಗೆ ಯಾರೂ ಕೇಳಿರಲಿಲ್ಲ.

ಕೇಳಿದವನು ಚಿತ್ರಕಾರ ಎವಾರಿಸ್ತ್ ಲೋರ್ಮೊ; ಬೆಳಗ್ಗೆ ಪತ್ರಿಕೆ ಓದಿ ಬಂದಿದ್ದ. ಅವನ 'ಸೇನ್ ದಂಡೆಯ ಮುಸ್ಸಂಜೆ'ಯನ್ನು ವಿಮರ್ಶಕನೊಬ್ಬ ಕೊಂಡಾಡಿದ್ದ. ನೀರಿನ ಮೇಲಿನ ಆ ಮಂಜಿನಲ್ಲಿ ಕಲಾವಿದನ ಆತ್ಮವೇ ಇದೆಯಂತೆ. ಕೆಫೆಯಲ್ಲಿ ಗೆಳೆಯರು ಬೆನ್ನು ತಟ್ಟಿದರು. ಇವನೂ ನಕ್ಕ. ಆದರೆ ತಗಡಿನ ಮೇಲೆ ತಾನು ಸೂಜಿಯಲ್ಲಿ ಗೀರಿದ್ದು ಒಂದು ಸೇತುವೆ, ಎರಡು ದೋಣಿ, ಕೆಲವು ಬೋಳು ಮರ. ಮಂಜು ಗೀರಿದ್ದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

"ಒರೆಸಿದ್ರೆ ಏನೂ ಉಳಿಯೋದಿಲ್ಲ ಮೊಸಿಯೆ."

"ನನ್ನದು ಉಳಿಯುತ್ತೆ."

ಬ್ರಿಸೆ ತಾಮ್ರ ಹೊಳೆಯುವವರೆಗೆ ಒರೆಸಿದ. ಒದ್ದೆ ಕಾಗದ ಹಾಸಿ ಯಂತ್ರದ ಚಕ್ರ ತಿರುಗಿಸಿದ. ಮೆಲ್ಲಗೆ ಕಾಗದದ ಮೂಲೆ ಹಿಡಿದು ಎತ್ತಿದ.

ಸೇತುವೆ. ಎರಡು ದೋಣಿ. ಮರ. ಮನೆ ಕಟ್ಟುವ ಮೇಸ್ತ್ರಿ ಗೀಚಿಕೊಟ್ಟ ನಕ್ಷೆಯ ಹಾಗಿತ್ತು.

"ಯಾವಾಗಿಂದ ಹಾಕ್ತಿದೀರಿ, ಈ ಮಂಜು?"

"ಮೊದಲಿಂದ್ಲೂ." ಒರೆಸುವಾಗ ತಗಡಿನ ಮೇಲೆ ಅಂಗೈಯಡಿ ತೆಳ್ಳಗೆ ಮಸಿ ಉಳಿಸುತ್ತಿದ್ದನಂತೆ, ಅಚ್ಚಿನಲ್ಲಿ ಅದೇ ಮಂಜಾಗುತ್ತಿತ್ತು, ಅಷ್ಟೆ. "ನಿಮ್ಮ ಸಂಜೆಗಳು ಸ್ವಲ್ಪ ಬೋಳು ಅನ್ಸೋದು. ಬೇರೆಯವರಿಗೂ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ."

ಎವಾರಿಸ್ತ್ ಇವನಿಂದ ಅಚ್ಚೊತ್ತಿಸತೊಡಗಿ ಆರು ವರ್ಷ. ಹೊಗಳಿಕೆಯೆಲ್ಲ ಈ ಮುದುಕನ ಅಂಗೈಗೆ ಸಂದದ್ದು. ಸಿಟ್ಟಾದರೂ ಬಂದಿದ್ದರೆ ಚೆನ್ನಾಗಿತ್ತು, ಬಂದದ್ದು ನಾಚಿಕೆ.

ಎವಾರಿಸ್ತ್ ಕೋಟು ಬಿಚ್ಚಿ ತಾನೇ ಮಸಿ ಬಳಿದ. ತನ್ನ ಮಂಜನ್ನು ತಾನೇ ತರುತ್ತೇನೆಂದುಕೊಂಡು ಎರಡೂ ಅಂಗೈಯಿಂದ ಒರೆಸಿದ. ಅಚ್ಚು ಒಮ್ಮೆ ಕೆಸರಾಯಿತು, ಒಮ್ಮೆ ಏನೂ ಇಲ್ಲವಾಯಿತು. ಬ್ರಿಸೆ ಮರ್ಯಾದೆಗೆಂದು ಕಿಟಕಿಯತ್ತ ತಿರುಗಿ ರೊಟ್ಟಿ, ಚೀಸ್ ತಿನ್ನುತ್ತ ಕೂತ. ಏಳನೆಯ ಸಲಕ್ಕೆ ಎವಾರಿಸ್ತ್ ಕೈಬಿಟ್ಟ.

ನಾಲ್ಕು ಗಂಟೆಗೆ ಚಿತ್ರವ್ಯಾಪಾರಿ ಬರುವವನಿದ್ದ. ಬ್ರಿಸೆ ಎರಡು ಹಾಳೆ ಮುಂದಿಟ್ಟು ಪೆನ್ಸಿಲ್ ಕೊಟ್ಟ. ಮೊದಲೇ ಅಚ್ಚೊತ್ತಿಟ್ಟಿದ್ದ ಒಂದರಲ್ಲಿ ಮಂಜು, ಇನ್ನೊಂದು ಬೋಳು.

"ಸಹಿ ಯಾವುದಕ್ಕೆ ಮೊಸಿಯೆ?"

ಎವಾರಿಸ್ತ್ ಮಸಿ ಹತ್ತಿದ ಎಡಗೈ ಊರಿ ಬಗ್ಗಿದ. ಒಂದು ಹಾಳೆಯಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ. ಕೈ ಎತ್ತಿದಾಗ ಬೋಳು ಹಾಳೆಯ ಬಿಳಿ ಅಂಚಿನಲ್ಲಿ ಅವನ ಅಂಗೈ ಇಡಿಯಾಗಿ ಮೂಡಿತ್ತು.

ಬ್ರಿಸೆ ಕನ್ನಡಕ ಸರಿಮಾಡಿಕೊಂಡು ನೋಡಿದ.

"ಇದು ಚೆನ್ನಾಗಿ ಬಂದಿದೆ," ಎಂದ.

ಅಂಗೈಯ ಒಂದು ಗೆರೆಯೂ ತಪ್ಪಿರಲಿಲ್ಲ. ಹೆಸರು ಬರೆಯಬೇಕಾದ ಜಾಗವನ್ನೂ ಅದೇ ತುಂಬಿಬಿಟ್ಟಿತ್ತು.