ನಾಲ್ಕು ಚೌಕದ ಹಾಳೆ

ಬಣ್ಣದ ಕಂಪನಿಯವರು ಕಳಿಸಿದ್ದು ಒಂದೇ ಒಂದು ಹಾಳೆ. ಅದರಲ್ಲಿ ನಾಲ್ಕು ಚೌಕ. ಮೇಲಿನ ಎರಡು ಅಂಗಡಿಯ ಒಳಗಿನದಕ್ಕೆ: ನಿಮ್ಮ ಬಲ ಏನು, ಕೊರತೆ ಏನು. ಕೆಳಗಿನ ಎರಡು ಹೊರಗಿನದಕ್ಕೆ: ಅವಕಾಶ ಏನು, ಅಪಾಯ ಏನು. ಇಷ್ಟನ್ನು ತುಂಬಿಸಿಟ್ಟಿರಿ, ಗುರುವಾರ ಹನ್ನೊಂದು ಗಂಟೆಗೆ ನಮ್ಮ ಅಧಿಕಾರಿ ಬಂದು ನೋಡುತ್ತಾರೆ, ನಿಮ್ಮ ಕೈಯಿಂದ ಒಂದು ಡಬ್ಬಿ ಬಣ್ಣವನ್ನೂ ಮಾಡಿಸಿ ಪರೀಕ್ಷಿಸುತ್ತಾರೆ ಎಂದು ಜೊತೆಗಿದ್ದ ಪತ್ರ ಹೇಳುತ್ತಿತ್ತು. ಅದರ ಕೊನೆಯ ಸಾಲನ್ನು ತಂಗಿ ಎರಡೆರಡು ಸಲ ಓದಿದಳು. ಈ ಬೀದಿಯಲ್ಲಿ ಇನ್ನು ಮುಂದೆ ಕಂಪನಿಗೆ ಎರಡು ಅಂಗಡಿ ಬೇಡವಂತೆ, ಒಂದೇ ಸಾಕಂತೆ.

ಅಂಗಡಿ ಅಣ್ಣ ತಂಗಿ ಇಬ್ಬರದು. ಗೋಡೆಗೆ ಬಳಿಯುವ ಬಣ್ಣ ಮಾರುವ ಅಂಗಡಿ. ಕಂಪನಿಯ ಬಣ್ಣ ಬರುವುದು ನಿಂತರೆ ಮಾರಲಿಕ್ಕೆ ಉಳಿಯುವುದು ನಾಲ್ಕು ಬ್ರಶ್ಶು, ಒಂದು ಕಟ್ಟು ಸ್ಯಾಂಡ್‌ಪೇಪರ್. ಅಷ್ಟನ್ನು ನೆಚ್ಚಿಕೊಂಡು ಎರಡು ಸಂಸಾರ ಹೊಟ್ಟೆ ಹೊರೆಯುವುದುಂಟೇ? ಅಣ್ಣನಿಗೆ ಐವತ್ತೆಂಟು, ಅವಳಿಗೆ ಐವತ್ತೊಂದು. ಈ ವಯಸ್ಸಿನಲ್ಲಿ ಬನ್ನಿ ಬನ್ನಿ ಎಂದು ಕರೆದು ಕೆಲಸ ಕೊಡುವ ಪುಣ್ಯಾತ್ಮ ಯಾರಿದ್ದಾನೆ!

ಬೀದಿಯವರು ಅಣ್ಣನನ್ನು ಬಣ್ಣದಣ್ಣ ಎನ್ನುತ್ತಿದ್ದರು. ಸುಮ್ಮನೆ ಬಂದ ಹೆಸರಲ್ಲ ಅದು. ಗಿರಾಕಿ ಹಳೇ ಗೋಡೆಯ ಒಂದು ಚಕ್ಕೆ ಕಿತ್ತು ತಂದರೆ ಸಾಕು, ಅವನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ‘ಹೂಂ’ ಎನ್ನುತ್ತಿದ್ದ. ಬಿಳಿ ಬಣ್ಣದ ಡಬ್ಬಿಗೆ ಒಂದಿಷ್ಟು ನೀಲಿ, ಒಂದಿಷ್ಟು ಹಳದಿ, ಸೂಜಿಮೊನೆಯಷ್ಟು ಕಪ್ಪು ಬಿಟ್ಟು ಕಲಕಿ ಅದೇ ಬಣ್ಣ ಕೈಗಿಡುತ್ತಿದ್ದ. ಅಳತೆಯಿಲ್ಲ, ಪುಸ್ತಕವಿಲ್ಲ, ಎಲ್ಲ ಕಣ್ಣಂದಾಜು. ಕೊನೆಗೆ ಮುಚ್ಚಳದ ಮೇಲೆ ಒಂದು ತೊಟ್ಟು ಸವರಿ, ಫ್ಯಾನಿನ ಕೆಳಗೆ ಒಣಗಿಸಿ, ತಂಗಿಯ ಕಡೆ ತಿರುಗುತ್ತಿದ್ದ. ತಂಗಿ ತಲೆಯಾಡಿಸಬೇಕು. ಆಮೇಲೆ ಮುಚ್ಚಳಕ್ಕೆ ಸುತ್ತಿಗೆಯ ಏಟು. ಅಪ್ಪನ ಕಾಲದಿಂದ ಬಂದ ಪದ್ಧತಿ. ‘ಬಣ್ಣ ಅವನದು, ಕೌಂಟರ್ ನಿನ್ನದು’ ಎಂದು ಅಪ್ಪ ಅಂದೇ ಹಂಚಿಕೊಟ್ಟಿದ್ದರಿಂದ ತನ್ನ ತಲೆಯಾಡಿಸುವಿಕೆ ಬರೀ ಶಾಸ್ತ್ರಕ್ಕೆ ಎಂದೇ ಅವಳು ತಿಳಿದಿದ್ದಳು.

ಬಲದ ಚೌಕ ತುಂಬಿಸಲು ಅವಳಿಗೆ ಹೊತ್ತೇ ಹಿಡಿಯಲಿಲ್ಲ. ‘ಅಣ್ಣನ ಕಣ್ಣು’ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಕೊರತೆಯ ಚೌಕದಲ್ಲಿ ಬಹಳ ಯೋಚಿಸಿ ‘ಬಾಗಿಲು ಕಿರಿದು’ ಎಂದು ಬರೆದಳು. ಹೊರಗಿನದನ್ನು ಕೂತಲ್ಲೇ ಬರೆಯುವುದು ಹೇಗೆ? ಸೋಮವಾರ ಬೆಳಿಗ್ಗೆ ಅದೇ ಕಂಪನಿಯ ಬಣ್ಣ ಮಾರುವ ಎದುರು ಸಾಲಿನ ಹೊಸ ಅಂಗಡಿಯ ಮುಂದಿನ ಬಸ್‌ಸ್ಟಾಪಿನಲ್ಲಿ, ಬಾರದ ಬಸ್ಸಿಗೆ ಕಾಯುವವಳಂತೆ ನಿಂತಳು. ಎರಡು ಗಂಟೆಯಲ್ಲಿ ಮೂವತ್ತೊಂದು ಜನ ಒಳಗೆ ಹೋದರು. ಅದರಲ್ಲಿ ಒಂಬತ್ತು ಜನ ಅವಳ ಹಳೇ ಗಿರಾಕಿಗಳು. ಇಬ್ಬರಂತೂ ಅವಳನ್ನು ಕಂಡು ಮುಖ ತಿರುಗಿಸಿಕೊಂಡರು. ಗಾಜಿನಾಚೆ ಬಣ್ಣ ಬೆರೆಸುವ ಯಂತ್ರ ಕಾಣುತ್ತಿತ್ತು. ಚಕ್ಕೆ ತೋರಿಸಿ ಗುಂಡಿ ಒತ್ತಿದರೆ ಆರು ನಿಮಿಷಕ್ಕೆ ಡಬ್ಬಿ ಆಚೆಗೆ. ಯಂತ್ರ, ರಸ್ತೆ ನಡುವೆ ಹೊಸದಾಗಿ ಕಟ್ಟಿದ ಗೋಡೆ, ಗಾಡಿ ನಿಲ್ಲಿಸಲು ಜಾಗವಿಲ್ಲದ್ದು ಎಂದು ಬರೆದೂ ಬರೆದೂ ಅಪಾಯದ ಚೌಕ ಸಾಲದೆ ಅಂಚಿಗೆ ಹರಿಯಿತು. ಅವಕಾಶದ ಚೌಕ ಮಾತ್ರ ಬಿಳಿಯಾಗಿಯೇ ಉಳಿಯಿತು. ಇದ್ದರೆ ತಾನೇ ಬರೆಯುವುದು!

ಮಂಗಳವಾರ ಅಲ್ಲಿಂದ ಹೊರಬರುತ್ತಿದ್ದ ಪೇಂಟಿಂಗ್ ಮೇಸ್ತ್ರಿಯನ್ನು ತಡೆದಳು. ಇಪ್ಪತ್ತು ವರ್ಷ ಇವರಲ್ಲೇ ಬಣ್ಣ ಒಯ್ದವನು ಅವನು.

“ಏನ್ ಮೇಸ್ತ್ರಿ, ನಮ್ಮ ಕಡೆ ತಲೆ ಹಾಕೋದನ್ನೇ ಬಿಟ್ಟುಬಿಟ್ರಲ್ಲ? ಆ ಯಂತ್ರ ಏನು ಮೋಡಿ ಮಾಡ್ತು ನಿಮಗೆ?”

“ಯಂತ್ರದ ಮಾತು ಬಿಡಿ ಅಕ್ಕ. ಬೇಜಾರು ಮಾಡ್ಕೋಬೇಡಿ, ನಿಮ್ಮ ಡಬ್ಬಿ ನೀಲಿ ಹೊಡೀತಿದೆ.”

“ಒಣಗಲಿ ಮೇಸ್ತ್ರಿ, ಸರಿಹೋಗುತ್ತೆ.” ಯಾರು ದೂರು ತಂದರೂ ಅಂಗಡಿಯಲ್ಲಿ ಕೊಡುತ್ತಿದ್ದ ಉತ್ತರವೇ ಅವಳ ಬಾಯಿಂದ ತಾನಾಗಿ ಬಂತು.

“ಎರಡು ವರ್ಷದಿಂದ ಒಣಗಿಸ್ತಾನೇ ಇದ್ದೀನಲ್ಲ ಅಕ್ಕ, ಇನ್ನೂ ಎಷ್ಟು ಒಣಗಿಸ್ಲಿ?”

ಅವಳು ಅಂಗಡಿಗೆ ವಾಪಸು ಬಂದಳು. ಅಣ್ಣ ಊಟಕ್ಕೆ ಮನೆಗೆ ಹೋಗಿದ್ದ. ಹಿಂದಿನ ಕೋಣೆಯಲ್ಲಿ ಗಿರಾಕಿಗಳು ವಾಪಸು ತಂದ ಹನ್ನೊಂದು ಡಬ್ಬಿಗಳಿದ್ದವು, ಒಂದೊಂದಕ್ಕೂ ಅವರವರ ಚಕ್ಕೆ ಅಂಟಿಸಿತ್ತು. ಒಂದು ಹಲಗೆ ತೆಗೆದುಕೊಂಡು ಪ್ರತಿ ಡಬ್ಬಿಯಿಂದ ಒಂದು ಪಟ್ಟೆ ಬಳಿದು, ಪಕ್ಕದಲ್ಲಿ ಅದರದರ ಚಕ್ಕೆ ಇಟ್ಟು, ಹಿತ್ತಲ ಬಿಸಿಲಿಗೆ ಒರಗಿಸಿದಳು. ಒಣಗಿದ ಮೇಲೆ ನೋಡಿದರೆ ಹನ್ನೊಂದಕ್ಕೆ ಹನ್ನೊಂದೂ ನೀಲಿ. ಕೆನೆ ಬಣ್ಣ ಬೂದಿಯಾಗಿತ್ತು, ಹಸಿರು ನೀಲಿಗಟ್ಟಿತ್ತು, ಗುಲಾಬಿ ತಣ್ಣಗಾದವರ ತುಟಿಯಂತಾಗಿತ್ತು.

ಹೊಸದಾಗಿ ಕಂಡದ್ದಾಗಿದ್ದರೆ ಪರವಾಗಿರಲಿಲ್ಲ. ಇದೆಲ್ಲ ಅವಳಿಗೆ ಕಾಣುತ್ತಲೇ ಇತ್ತು! ಅಣ್ಣ ಮುಚ್ಚಳ ಹಿಡಿದು ತಿರುಗಿದಾಗಲೆಲ್ಲ, ಇದೇನು ನೀಲಿಯಾಯಿತಲ್ಲ ಎಂದು ಮನಸ್ಸು ಚುರುಕ್ಕೆನ್ನುತ್ತಿತ್ತು. ಬಣ್ಣದಣ್ಣನಿಗಿಂತ ನನಗೆ ಹೆಚ್ಚು ಗೊತ್ತೇ ಎಂದು ಅದನ್ನು ಅಲ್ಲೇ ಅದುಮಿ ಕತ್ತು ಆಡಿಸಿಬಿಡುತ್ತಿದ್ದಳು. ಎರಡು ವರ್ಷ, ದಿನಕ್ಕೆ ಹತ್ತು ಸಲ. ಅಂಗಡಿಯನ್ನು ಕೈಯಾರೆ ಗುಂಡಿಗೆ ತಳ್ಳಿದವಳು ತಾನೇ ಎಂದುಕೊಂಡು ಖಾಲಿ ಡಬ್ಬಿಯ ಮೇಲೆ ಕೂತಳು.

ಬುಧವಾರ ಬೆಳಿಗ್ಗೆ ಧೈರ್ಯ ಮಾಡಿ ಬಾಯಿಬಿಟ್ಟಳು. “ಅಣ್ಣ, ಒಂದ್ಸಲ ಕಣ್ಣಿನ ಡಾಕ್ಟ್ರಿಗೆ ತೋರಿಸ್ಬಾರದಾ?”

ಬ್ರಶ್ಶು ಜೋಡಿಸುತ್ತಿದ್ದ ಅವನ ಕೈ ನಿಂತಿತು. “ಯಾಕೆ? ನನ್ನ ಕಣ್ಣಿಗೇನು ದಾಡಿ?”

“ಏನಿಲ್ಲಪ್ಪ, ವಯಸ್ಸಾಯ್ತಲ್ಲ, ಸುಮ್ನೆ ಅಂದೆ.”

“ನಾಳೆ ಆ ಮನುಷ್ಯ ಬರ್ತಾನೆ. ಈಗ ಹೊಸ ರಾಗ ಎಳೀಬೇಡ, ಕೆಲಸ ನೋಡು.”

ಅವಳು ಬಾಲ ಮುದುರಿಕೊಂಡಳು. ಹೇಳಿಯೇಬಿಡಬೇಕಿತ್ತು; ಕಪಾಳಕ್ಕೆ ಹೊಡೆದರೂ ಸರಿ, ಹೇಳಬೇಕಿತ್ತು. ಆದರೆ ನಲವತ್ತು ವರ್ಷ ಅವನ ಜೀವವೇ ಆ ಕಣ್ಣಲ್ಲಿತ್ತು. ಅದು ಹೋಯಿತು ಎಂದು ಪರೀಕ್ಷೆಯ ಹಿಂದಿನ ದಿನ ಹೇಳಿದರೆ ನಾಳೆ ಅವನ ಕೈ ಏಳುತ್ತದೆಯೇ? ಅವನು ಮಧ್ಯಾಹ್ನ ಊಟಕ್ಕೆ ಹೋದಾಗ ಅವಳು ಹಿಂದಿನ ಕೋಣೆಗೆ ಹೋಗಿ ಇನ್ನೊಂದು ದಾರಿ ಹುಡುಕಿದಳು. ಅವನು ಮಾಡಿದ ಹಸಿರಿಗೆ ಚಮಚ ಚಮಚವಾಗಿ ಹಳದಿ ಬೆರೆಸಿ ನೋಡಿದಳು. ಒಂದು ಲೀಟರಿಗೆ ಎರಡು ಚಮಚ ಬಿದ್ದರೆ ಚಕ್ಕೆಗೆ ಹೊಂದುತ್ತಿತ್ತು. ವಾಪಸು ಬಂದಿದ್ದ ಹಸಿರಿನ ಮೂರು ಡಬ್ಬಿಗಳಲ್ಲೂ ಲೀಟರಿಗೆ ಎರಡೇ ಚಮಚ. ಅಣ್ಣನಿಗೆ ತಿಳಿಯಬೇಕಾಗಿಲ್ಲ, ಅಂಗಡಿಯೂ ಉಳಿಯುತ್ತದೆ. ಆಮೇಲೆ ನಿಧಾನವಾಗಿ ಡಾಕ್ಟರ ಹತ್ತಿರ ಒಯ್ದರಾಯಿತು ಎಂದು ಸಮಾಧಾನ ಮಾಡಿಕೊಂಡಳು.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಕಂಪನಿಯ ಅಧಿಕಾರಿ ಬಂದ. ವಯಸ್ಸಿನಲ್ಲಿ ಚಿಕ್ಕವನು, ಮಾತಿನಲ್ಲಿ ಮಹಾ ಅಚ್ಚುಕಟ್ಟು. ಹಾಳೆಯ ಮೇಲೆ ಕಣ್ಣಾಡಿಸಿದ.

“ಕೊರತೆ ಅಂದ್ರೆ ಬಾಗಿಲು ಕಿರಿದು, ಅಷ್ಟೇನಾ?”

“ಅಷ್ಟೇ ಸರ್,” ಎಂದಳು.

ಅವನು ಚೀಲದಿಂದ ಮಸುಕು ಹಸಿರಿನ ಒಂದು ಗೋಡೆಚಕ್ಕೆ ತೆಗೆದ. ಒಂದು ದೊಡ್ಡ ಆಸ್ಪತ್ರೆಯ ಗೋಡೆಯದಂತೆ. “ಎದುರಿನವರಿಗೂ ಇದರದ್ದೇ ತುಂಡು ಕೊಟ್ಟಿದ್ದೀನಿ. ಅವರ ಡಬ್ಬಿ ಇಸ್ಕೊಂಡು ಅರ್ಧ ಗಂಟೆಗೆ ಬರ್ತೀನಿ,” ಎಂದು ಹೊರಟ.

ಹಸಿರು! ದೇವರು ಕಣ್ಣು ಬಿಟ್ಟ ಎಂದುಕೊಂಡಳು. ಅಣ್ಣ ಚಕ್ಕೆಯನ್ನು ಬಾಗಿಲಿಗೆ ಒಯ್ದು ಎಂದಿಗಿಂತ ಹೆಚ್ಚು ಹೊತ್ತು ಹಿಡಿದು ನಿಂತ. ಬಣ್ಣ ಬಿಟ್ಟ, ತಡೆದ, ಮತ್ತೆ ಬಿಟ್ಟ, ಕಲಕಿದ. ಅವನ ಹಣೆಯಲ್ಲಿ ಬೆವರಿತ್ತು. ಮುಚ್ಚಳಕ್ಕೆ ಸವರಿ, ಫ್ಯಾನಿನ ಕೆಳಗೆ ಒಣಗಿಸಿ, ಅವಳ ಕಡೆ ತಿರುಗಿದ. ಅವಳ ಮನಸ್ಸೆಲ್ಲ ಸೆರಗಿನಲ್ಲಿ ಬಚ್ಚಿಟ್ಟುಕೊಂಡ ಹಳದಿ ಬಾಟಲಿಯ ಮೇಲಿತ್ತು. ತಲೆಯಾಡಿಸಿದಳು. ಅಣ್ಣ ದೀರ್ಘವಾಗಿ ಉಸಿರುಬಿಟ್ಟು, ಮುಚ್ಚಳವನ್ನು ಡಬ್ಬಿಯ ಮೇಲೆ ಮೆಲ್ಲಗೆ ಕೂರಿಸಿ, ಕೈ ತೊಳೆಯಲು ಹಿತ್ತಲಿಗೆ ಹೋದ.

ನಲ್ಲಿಯ ನೀರಿನ ಸದ್ದು ಕೇಳಿತು. ಅವಳು ಮುಚ್ಚಳ ಎತ್ತಿ, ಹಿತ್ತಲ ಬಾಗಿಲ ಮೇಲೆ ಕಣ್ಣಿಟ್ಟೇ ಎರಡು ಚಮಚ ಹಳದಿ ಸುರಿದು, ಗರಗರ ಕಲಕಿ, ಮುಚ್ಚಳ ಹಾಕಿ ಸುತ್ತಿಗೆಯಿಂದ ಬಡಿದಳು.

ಅಣ್ಣ ಕೈ ಒರೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. ಅಧಿಕಾರಿ ಎದುರಿನವರ ಡಬ್ಬಿ ಹಿಡಿದು ಬಂದ. ಎರಡನ್ನೂ ತೆರೆದು ಒಂದೊಂದು ಕಾರ್ಡಿಗೆ ಬಳಿದು ಒಣಗಿಸಿದ. ಎದುರಿನವರ ಕಾರ್ಡು ಚಕ್ಕೆಗೆ ಸುಮಾರಾಗಿ ಹೊಂದಿತು. ಸ್ವಲ್ಪ ಪೇಲವ, ಅಷ್ಟೇ. ಇವರದು ಹಳದಿ ಹಳದಿಯಾಗಿ, ಹಣ್ಣೆಲೆಯ ಬಣ್ಣ ತೋರುತ್ತಿತ್ತು. ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ಅಧಿಕಾರಿ ಇವರ ಮುಚ್ಚಳವನ್ನು ತಿರುಗಿಸಿ ನೋಡಿದ. ಅದರ ಮೇಲೆ ಅಣ್ಣ ಸವರಿದ ತೊಟ್ಟು ಒಣಗಿ ಕೂತಿತ್ತು. ಅವನು ಚಕ್ಕೆಯನ್ನು ಅದಕ್ಕೆ ತಾಗಿಸಿ ಹಿಡಿದ. ಎಲ್ಲಿ ಚಕ್ಕೆ ಮುಗಿಯಿತು, ಎಲ್ಲಿ ತೊಟ್ಟು ಶುರುವಾಯಿತು ಎಂದು ಗೊತ್ತಾಗದಷ್ಟು ಎರಡೂ ಒಂದೇ ಆಗಿದ್ದವು.

“ಏನಮ್ಮ ಇದು? ಮುಚ್ಚಳದ ಮೇಲೆ ಒಂದು ಬಣ್ಣ, ಒಳಗೆ ಇನ್ನೊಂದು. ನಾನು ಯಾವುದನ್ನ ನಂಬ್ಲಿ?”

“ನಾನೇ ಸರ್, ನಾನೇ ಹಾಳು ಮಾಡ್ದೆ. ಅಣ್ಣ ಮಾಡಿದ್ದು ಸರಿಯಾಗೇ ಇತ್ತು. ಆಮೇಲೆ ನಾನು ಹಳದಿ ಹಾಕ್ದೆ. ನಿಮ್ಮ ದಮ್ಮಯ್ಯ, ಇನ್ನೊಂದು ಡಬ್ಬಿ ಮಾಡಕ್ಕೆ ಬಿಡಿ.”

“ಸರಿಯಾಗಿದ್ದರೆ ಯಾಕೆ ಹಾಕಿದ್ರಿ?”

ಅವಳು ಅಣ್ಣನ ಕಡೆ ನೋಡಿ ತಲೆ ತಗ್ಗಿಸಿದಳು. ಅಧಿಕಾರಿಗೂ ಪಾಪ ಅನಿಸಿರಬೇಕು, ದನಿ ತಗ್ಗಿಸಿ, “ಇವತ್ತು ಎರಡು ಕೈ, ನಾಳೆ ಮೂರು ಕೈ. ಗಿರಾಕಿಗೆ ನಾನೇನು ಹೇಳ್ಲಿ? ಕ್ಷಮಿಸಿ,” ಎಂದು ಹಾಳೆಯನ್ನು ಚೀಲಕ್ಕೆ ಸೇರಿಸಿದ. ಈ ತಿಂಗಳು ಮುಗಿದ ಮೇಲೆ ಇಲ್ಲಿಗೆ ಕಂಪನಿಯ ಲಾರಿ ಬರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿ ರಸ್ತೆ ದಾಟಿದ.

ಅಣ್ಣ ಸ್ಟೂಲಿನ ಮೇಲೆ ಕೂತೇ ಇದ್ದ. ಅಲ್ಲಿಂದಲೇ ಹೇಳಿದ.

“ನಿನ್ನೆ ಊಟಕ್ಕೆ ಹೋಗೋವಾಗ ಮೇಸ್ತ್ರಿ ಸಿಕ್ಕಿದ್ದ. ನಿನಗೆ ಹೇಳಿದ್ದನ್ನೇ ನನಗೂ ಹೇಳ್ದ, ನೀಲಿ ಜಾಸ್ತಿ ಅಂತ. ಹಾಗಾಗಿ ಇವತ್ತು ನೀಲೀನ ಅರ್ಧಕ್ಕೆ ಇಳಿಸ್ದೆ. ಸರಿಯಾಯ್ತೋ ಇಲ್ವೋ ನನಗೇನು ಕಾಣುತ್ತೆ? ನೀನು ತಲೆ ಆಡಿಸ್ದೆ. ಸದ್ಯ, ಬದುಕಿದೆ ಅಂದ್ಕೊಂಡೆ.”

“ನಾನು ನೋಡಲೇ ಇಲ್ಲ ಅಣ್ಣ.”

“ನೋಡಲಿಲ್ವಾ?”

“ನೀಲಿಯಾಗೇ ಇರುತ್ತೆ ಅಂದ್ಕೊಂಡು ಸುಮ್ನೆ ಆಡಿಸಿಬಿಟ್ಟೆ.”

“ಹಾಗಾದ್ರೆ ಈ ಎರಡು ವರ್ಷ?”

“ಆಗೆಲ್ಲ ನೋಡಿದ್ದೆ. ನೀಲಿ ಅಂತ ಗೊತ್ತಿತ್ತು. ನಿನಗಿಂತ ನನಗೇನು ಗೊತ್ತು ಅಂತ…”

ಅಣ್ಣ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. “ನನಗೆ ಬಣ್ಣ ಸರಿಯಾಗಿ ಕಾಣದೆ ಎರಡು ವರ್ಷ ಆಯ್ತು ಕಣೇ,” ಎಂದ. “ನಿನ್ನ ಮುಖ ನೋಡ್ಕೊಂಡೇ ಡಬ್ಬಿ ಮುಚ್ತಿದ್ದೆ.”

ಅವಳು ಕೌಂಟರಿನ ಹಿಂದೆ ನೆಲಕ್ಕೆ ಕೂತು, ಹಗಲು ಹೊತ್ತಿನಲ್ಲೇ, ತೆರೆದ ಅಂಗಡಿಯಲ್ಲೇ, ಬಾಯಿಬಿಟ್ಟು ಅತ್ತಳು. ಅಣ್ಣ ಎದ್ದು, ಮೇಜಿನ ಮೇಲೆ ಉಳಿದಿದ್ದ ಮುಚ್ಚಳವನ್ನೂ ಚಕ್ಕೆಯನ್ನೂ ಕೈಗೆತ್ತಿಕೊಂಡ.

“ಮುಚ್ಚಳದ್ದು ಹೊಂದಿತ್ತಾ?”

“ಹೊಂದಿತ್ತು ಅಣ್ಣ. ನಿನ್ನಾಣೆ, ಪೂರ್ತಿ ಹೊಂದಿತ್ತು.”

ಅವನು ಅವಳ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ ಬಾಗಿಲಿಗೆ ಹೋಗಿ, ಎರಡನ್ನೂ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ, ಹತ್ತಿರ ತಂದು, ದೂರ ಹಿಡಿದು ನೋಡಿದ. ಕೊನೆಗೆ ಬೀದಿಯಲ್ಲಿ ಹೋಗುತ್ತಿದ್ದ ಗುರುತಿಲ್ಲದ ಯಾರನ್ನೋ ಕೈಬೀಸಿ ಕರೆದ.

“ಒಂದು ನಿಮಿಷ ಸ್ವಾಮಿ. ಸ್ವಲ್ಪ ನೋಡಿ ಹೇಳ್ತೀರಾ, ಇವೆರಡೂ ಒಂದೇನಾ?”